ಘಾಟಿಯಲ್ಲಿ ಪಿಕಪ್ ಎಳೆಯುತ್ತಿಲ್ಲ, ಟರ್ಬೊ ಹೋಗಿದೆ ಅಂತಾರೆ, ನಿಜಾನಾ?

ಹಾಸನ ಲೋಡು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ. ಸೋಮವಾರದೊಳಗೆ ಗ್ಯಾರೇಜಿನವರಿಗೆ ಹೌದು ಅಥವಾ ಬೇಡ ಅಂತ ಹೇಳಬೇಕು.

ನನ್ನದು ಡೀಸೆಲ್ ಪಿಕಪ್. 2018ರ ಮಾಡೆಲ್, ಬಿಎಸ್4, ಕಾಮನ್ ರೈಲ್ ಎಂಜಿನ್. 1 ಲಕ್ಷ 64 ಸಾವಿರ ಕಿಲೋಮೀಟರ್ ಓಡಿದೆ. ಹಾಸನದಿಂದ ತರಕಾರಿ ತುಂಬಿಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತೇನೆ. ಬರುವಾಗ ದಕ್ಕೆಯಿಂದ ಮೀನು. ಹೋಗುವಾಗ ಇಳಿಜಾರು, ತೊಂದರೆ ಗೊತ್ತಾಗುವುದೇ ಇಲ್ಲ. ಬರುವಾಗ ಐಸ್ ಬಾಕ್ಸ್ ಎಲ್ಲ ಸೇರಿ ಹತ್ತಿರ ಹತ್ತಿರ 1 ಟನ್ ಇರುತ್ತದೆ, ಬೆಳಕು ಹರಿಯುವುದರೊಳಗೆ ಹಾಸನದ ಮಾರ್ಕೆಟ್ ಮುಟ್ಟಬೇಕು, ಇಲ್ಲಾಂದ್ರೆ ಐಸ್ ಕರಗಿ ಮೀನಿನ ರೇಟು ಅರ್ಧಕ್ಕೆ ಇಳಿಯುತ್ತದೆ.

ಸುಮಾರು ಎರಡು ತಿಂಗಳಿಂದ ಗುಂಡ್ಯ ದಾಟಿ ಏರು ಶುರುವಾದ ಕೂಡಲೇ ಗಾಡಿ ಸೋಲುತ್ತಿದೆ. ಮೊದಲು ಮೂರನೇ ಗೇರಿನಲ್ಲಿ ಆರಾಮಾಗಿ ಹತ್ತುತ್ತಿದ್ದ ಕಡೆ ಈಗ ಎರಡಕ್ಕೆ ಇಳಿಸಬೇಕು, ಮಾರನಹಳ್ಳಿ ಹತ್ತಿರದ ತಿರುವುಗಳಲ್ಲಿ ಒಮ್ಮೊಮ್ಮೆ ಒಂದನೇ ಗೇರು. 2000 ಆರ್‌ಪಿಎಂ ಆಸುಪಾಸು ಹಿಂದಿನಿಂದ ಯಾರೋ ನೂಕಿದ ಹಾಗೆ ಒಂದು ಎಳೆತ ಬರುತ್ತಿತ್ತಲ್ಲ, ಅದು ಈಗ ಇಲ್ಲ. ಹೊಗೆ ಸ್ವಲ್ಪ ಇದೆ, ತೀರಾ ಕಪ್ಪು ಅಲ್ಲ. ಆಯಿಲ್ ಕಡಿಮೆ ಆಗುತ್ತಿಲ್ಲ. ಎರಡು ಸಲ ಚೆಕ್ ಲೈಟ್ ಬಂತು, ಗಾಡಿ ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಸ್ವಲ್ಪ ದೂರ ಸರಿ ಹೋಗುತ್ತದೆ, ಮತ್ತೆ ಅದೇ ಕಥೆ.

ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರು. ಪಿ0299 ಅಂತ ಕೋಡ್ ಬಂತು. ನಿಂತಲ್ಲೇ ನ್ಯೂಟ್ರಲ್‌ನಲ್ಲಿ ಎರಡು ಸಲ ರೇಸ್ ಕೊಟ್ಟು ನೋಡಿ, ಬೂಸ್ಟ್ (ಟರ್ಬೊ ತುರುಕುವ ಗಾಳಿಯ ಒತ್ತಡ) ಬರುತ್ತಿಲ್ಲ, ಟರ್ಬೊ ಹೋಗಿದೆ ಅಂದರು. ಹೊಸದು ಹಾಕಿದರೆ ಕೂಲಿ ಸೇರಿ 48 ಸಾವಿರ, ರೀಕಂಡೀಷನ್ ಆದರೆ 22 ಸಾವಿರ. ನನ್ನ ಹತ್ತಿರ ಅಷ್ಟು ಇಲ್ಲ, ಸಾಲ ಮಾಡಬೇಕು. ಸಾಲ ಮಾಡಿ ಹಾಕಿಸಿದ ಮೇಲೂ ಸರಿ ಹೋಗದಿದ್ದರೆ ಏನು ಮಾಡಲಿ ಅನ್ನುವುದೇ ಭಯ.

ಇನ್ನೊಂದು ಸಣ್ಣ ವಿಷಯ, ಇದಕ್ಕೆ ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ. ಬ್ರೇಕ್ ಪೆಡಲ್ ಈಚೆಗೆ ಸ್ವಲ್ಪ ಗಟ್ಟಿ ಅನ್ನಿಸುತ್ತಿದೆ. ಪ್ಯಾಡ್ ಸವೆದಿರಬಹುದು ಅಂತ ಬಿಟ್ಟಿದ್ದೇನೆ.

ತಿಳಿದವರು ದಯವಿಟ್ಟು ಹೇಳಿ.

ಹುಬ್ಬಳ್ಳಿ ಡೀಸೆಲ್ ಮೇಸ್ತ್ರಿ:

ಯಜಮಾನ್ರೇ, ಸೋಮವಾರ ಬೇಡ ಅಂತಲೇ ಹೇಳಿ. ಇನ್ನೂ ಏನೂ ನೋಡಿಯೇ ಇಲ್ಲ, ಆಗಲೇ ಟರ್ಬೊ ಬಿಚ್ಚುವುದು ಸರಿಯಲ್ಲ.

ಪಿ0299 ಅಂದರೆ ಟರ್ಬೊ ಕೆಟ್ಟಿದೆ ಅಂತ ಅರ್ಥ ಅಲ್ಲ ನೋಡ್ರಿ. ಎಂಜಿನ್ ಕಂಪ್ಯೂಟರ್ ಇಷ್ಟು ಗಾಳಿ ಒತ್ತಡ ಬೇಕು ಅಂತ ಕೇಳಿತು, ಸೆನ್ಸರ್ ನೋಡಿದಾಗ ಅಷ್ಟು ಬಂದಿರಲಿಲ್ಲ, ಅಷ್ಟೇ. ಯಾಕೆ ಬರಲಿಲ್ಲ ಅನ್ನುವುದನ್ನು ಕೋಡ್ ಹೇಳುವುದಿಲ್ಲ, ಅದನ್ನು ನಾವೇ ಹುಡುಕಬೇಕು. ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತು ಸರಿ ಹೋಗುತ್ತದೆ ಅಂದಿರಲ್ಲ, ಅದು ಕಂಪ್ಯೂಟರ್ ಎಂಜಿನ್ ಉಳಿಸಿಕೊಳ್ಳಲು ಡೀಸೆಲ್ ಕಡಿಮೆ ಮಾಡಿ, ಮತ್ತೆ ಸ್ಟಾರ್ಟ್ ಮಾಡಿದಾಗ ಆ ಕಡಿತ ಬಿಟ್ಟುಬಿಡುವುದು. ಮುರಿದ ಟರ್ಬೊ ಕೀ ತಿರುಗಿಸಿದರೆ ರಿಪೇರಿ ಆಗುವುದಿಲ್ಲ.

ಟರ್ಬೊ ಅಂದರೆ ಒಂದೇ ದಂಡಿನ ಎರಡು ಕಡೆ ಎರಡು ಫ್ಯಾನು. ಒಂದನ್ನು ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆ ತಿರುಗಿಸುತ್ತದೆ, ಇನ್ನೊಂದು ಏರ್ ಫಿಲ್ಟರ್ ಕಡೆಯಿಂದ ಗಾಳಿ ಎಳೆದು, ಅದನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ಮೂಲಕ ಎಂಜಿನ್ ಒಳಗೆ ತುರುಕುತ್ತದೆ. ಹಾಗಾಗಿ ಬೂಸ್ಟ್ ಕಡಿಮೆ ಆಗಲು ದಾರಿ ಎಷ್ಟೊಂದು ಇವೆ. ಏರ್ ಫಿಲ್ಟರ್ ಕಟ್ಟಿದ್ದರೆ ಒಳಗೆ ಗಾಳಿಯೇ ಬರುವುದಿಲ್ಲ. ಟರ್ಬೊದಿಂದ ಎಂಜಿನ್ ತನಕ ಹೋಗುವ ಹೋಸ್ ಸೀಳಿದ್ದರೆ ತುಂಬಿದ ಗಾಳಿ ಹೊರಗೆ ಹೋಗುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಹೋಗಿದ್ದರೆ ಅಥವಾ ಸ್ವಲ್ಪ ಹೊಗೆಯನ್ನು ವಾಪಸ್ ಎಂಜಿನ್ ಒಳಗೆ ಬಿಡುವ ಇಜಿಆರ್ ವಾಲ್ವ್ ಬಾಯಿ ತೆರೆದು ನಿಂತಿದ್ದರೆ ಫ್ಯಾನು ತಿರುಗಿಸಬೇಕಾದ ಹೊಗೆ ಬೇರೆ ಕಡೆ ಹೋಗುತ್ತದೆ. ಸೈಲೆನ್ಸರ್ ಕಡೆ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡರೂ ಅದೇ ಪಾಡು. ಡೀಸೆಲ್ ಫಿಲ್ಟರ್ ಕಟ್ಟಿದ್ದರೆ ಎಣ್ಣೆ ಸಾಲದೆ ಹೊಗೆಯಲ್ಲೇ ಬಿಸಿ ಇರುವುದಿಲ್ಲ, ಆಗ ಟರ್ಬೊ ಸರಿಯಿದ್ದರೂ ತಿರುಗುವುದಿಲ್ಲ, ಇದನ್ನು ಬಹಳ ಜನ ಮರೆಯುತ್ತಾರೆ. ಇವೆಲ್ಲ ದಾಟಿದ ಮೇಲೆ ಟರ್ಬೊವನ್ನು ಹಿಡಿತದಲ್ಲಿ ಇಡುವ ಆಕ್ಚುಯೇಟರ್, ಅದಕ್ಕೆ ಹೋಗುವ ಸಣ್ಣ ವ್ಯಾಕ್ಯೂಮ್ (ಗಾಳಿ ಹೀರುವ ಎಳೆತ) ಪೈಪು. ಕೊನೆಯಲ್ಲಿ ಟರ್ಬೊ.

ಇನ್ನು ನ್ಯೂಟ್ರಲ್‌ನಲ್ಲಿ ರೇಸ್ ಕೊಟ್ಟು ನೋಡಿದ ವಿಷಯ. ಅದು ಲೆಕ್ಕಕ್ಕೇ ಇಲ್ಲ. ಭಾರ ಇಲ್ಲದೆ ಡೀಸೆಲ್ ಜಾಸ್ತಿ ಉರಿಯುವುದಿಲ್ಲ, ಡೀಸೆಲ್ ಉರಿಯದೆ ಬೂಸ್ಟ್ ಬರುವುದಿಲ್ಲ. ಹೊಸ ಗಾಡಿಯಲ್ಲೂ ನಿಂತಲ್ಲಿ ರೇಸ್ ಕೊಟ್ಟರೆ ಬರುವುದು ಅಷ್ಟಕ್ಕಷ್ಟೇ. ಲೋಡು ಹಾಕಿ, ಏರಿನಲ್ಲಿ, ಮೂರನೇ ಗೇರಿನಲ್ಲಿ, ಆಕ್ಸಿಲೇಟರ್ ಪೂರ್ತಿ ಒತ್ತಿ ನೋಡಿದರೆ ಮಾತ್ರ ಸತ್ಯ ತಿಳಿಯುತ್ತದೆ.

ಒಂದು ಬ್ಲೂಟೂತ್ ಓಬಿಡಿ ಸ್ಕ್ಯಾನರ್ ತಗೊಳ್ಳಿ, ಸಾವಿರದ ಒಳಗೆ ಸಿಗುತ್ತದೆ, ಮೊಬೈಲಿನಲ್ಲಿ ಆಪ್ ಹಾಕಿ. ಮೂರು ಅಂಕಿ ಬರೆದುಕೊಂಡು ಬನ್ನಿ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಇಟ್ಟಾಗ ಮ್ಯಾಪ್ ಸೆನ್ಸರ್, ಅಂದರೆ ಎಂಜಿನ್ ಒಳಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಸೆನ್ಸರ್, ಎಷ್ಟು ತೋರಿಸುತ್ತದೆ, ಏರಿನಲ್ಲಿ ಪೂರ್ತಿ ಒತ್ತಿದಾಗ ಎಷ್ಟು, ಆಗ ರೈಲ್ ಪ್ರೆಷರ್, ಅಂದರೆ ಇಂಜೆಕ್ಟರಿಗೆ ಹೋಗುವ ಡೀಸೆಲ್ ಒತ್ತಡ, ಎಷ್ಟು. ಗಾಡಿ ಓಡಿಸುವವರು ಮೊಬೈಲ್ ನೋಡಬೇಡಿ, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ.

ಕೊನೆಗೆ ಒಂದು ಪ್ರಶ್ನೆ. ಈ ತೊಂದರೆ ಶುರುವಾಗುವ ಮುಂಚೆ ಗಾಡಿಗೆ ಏನಾದರೂ ಕೆಲಸ ಮಾಡಿಸಿದ್ದಿರಾ? ಯಾವ ಕೆಲಸ ಆದರೂ ಸರಿ, ಹೇಳಿ.

ತುಮಕೂರು ಇಟ್ಟಿಗೆ ಗಾಡಿ:

ಮೇಸ್ತ್ರಿಗಳು ಹೇಳಿದ್ದು ಸರಿ, ಆದರೆ ಟರ್ಬೊ ನಿಜವಾಗಿ ಹೋಗುವುದೂ ಉಂಟು. ನನ್ನದು ಹೋಗಿತ್ತು, ಅದು ಹೇಗಿರುತ್ತದೆ ಅಂತ ಹೇಳುತ್ತೇನೆ, ನಿಮ್ಮದಕ್ಕೆ ಹೋಲಿಸಿ ನೋಡಿ.

ಇಟ್ಟಿಗೆ ಗೂಡಿನ ಕೆಲಸ, ಸುತ್ತ ಬರೀ ಧೂಳು. ಕಡಿಮೆ ಬೆಲೆಗೆ ಸಿಕ್ಕಿತು ಅಂತ ಒಂದು ಏರ್ ಫಿಲ್ಟರ್ ಹಾಕಿದ್ದೆ, ಅದರ ರಬ್ಬರ್ ಅಂಚು ಡಬ್ಬಿಗೆ ಸರಿಯಾಗಿ ಕೂರುತ್ತಿರಲಿಲ್ಲ. ಆ ಸಂದಿಯಲ್ಲಿ ಧೂಳು ಒಳಗೆ ಹೋಗಿ ಟರ್ಬೊ ಫ್ಯಾನಿನ ರೆಕ್ಕೆಯ ಅಂಚು ಉಪ್ಪುಕಾಗದ ಉಜ್ಜಿದ ಹಾಗೆ ಸವೆದು ಹೋಗಿತ್ತು. ಮೊದಲು ಆಂಬ್ಯುಲೆನ್ಸ್ ಸೈರನ್ ಥರ ಶಬ್ದ ಬಂತು, ಆಕ್ಸಿಲೇಟರ್ ಜೊತೆ ಏರಿ ಇಳಿಯುವ ಶಬ್ದ. ಆಮೇಲೆ ನೀಲಿ ಹೊಗೆ, ವಾರಕ್ಕೆ ಅರ್ಧ ಲೀಟರ್ ಆಯಿಲ್ ಕಡಿಮೆ.

ನೋಡುವ ಕ್ರಮ ಹೀಗೆ. ಎಂಜಿನ್ ಪೂರ್ತಿ ತಣ್ಣಗಾಗಲಿ. ಟರ್ಬೊ ಬಾಯಿಗೆ ಬರುವ ದೊಡ್ಡ ಹೋಸ್ ಬಿಚ್ಚಿ, ಫ್ಯಾನಿನ ನಡುವಿನ ನಟ್ ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಅಕ್ಕಪಕ್ಕ ಒಂದು ಚೂರು ಅಲ್ಲಾಡಿದರೆ ತೊಂದರೆ ಇಲ್ಲ, ಅದರ ಬೇರಿಂಗ್ ಆಯಿಲ್ ಮೇಲೆ ತೇಲುವಂಥದ್ದು, ಅಷ್ಟು ಆಟ ಬೇಕು. ಆದರೆ ರೆಕ್ಕೆ ಗೋಡೆಗೆ ತಾಗಬಾರದು. ಹಿಂದೆ ಮುಂದೆ ಎಳೆದರೆ ಅಲ್ಲಾಡುವುದು ಕೈಗೆ ಗೊತ್ತಾಗಲೇಬಾರದು. ರೆಕ್ಕೆ ಅಂಚು ಚೂಪಾಗಿ ನೇರ ಇರಬೇಕು. ತಿರುಗಿಸಿದರೆ ಸಲೀಸಾಗಿ ತಿರುಗಬೇಕು. ಇದಿಷ್ಟು ಸರಿ ಇದ್ದರೆ 48 ಸಾವಿರ ಜೇಬಿನಲ್ಲೇ ಇರಲಿ.

ನನ್ನ ಹಾಗೆ ನಿಜವಾಗಿ ಹೋಗಿದ್ದರೆ ಒಂದು ಮಾತು ಮರೆಯಬೇಡಿ, ಹೊಸದು ಹಾಕುವ ಮೊದಲು ಇಂಟರ್‌ಕೂಲರ್ ಬಿಚ್ಚಿ ಒಳಗೆ ನಿಂತ ಆಯಿಲ್ ಪೂರ್ತಿ ತೆಗೆಸಿ. ಆ ಆಯಿಲ್ ಒಮ್ಮೆಲೇ ಎಂಜಿನ್ ಒಳಗೆ ಹೋದರೆ ಡೀಸೆಲ್ ಎಂಜಿನ್ ಅದನ್ನೇ ಉರಿಸಿಕೊಂಡು ತನ್ನಷ್ಟಕ್ಕೆ ಏರುತ್ತದೆ, ಕೀ ಆಫ್ ಮಾಡಿದರೂ ನಿಲ್ಲುವುದಿಲ್ಲ. ಒಮ್ಮೆ ಕಣ್ಣಾರೆ ನೋಡಿದ್ದೇನೆ, ಇವತ್ತಿಗೂ ಮೈ ನಡುಗುತ್ತದೆ.

ಹಾಸನ ಲೋಡು:

ಇಬ್ಬರಿಗೂ ತುಂಬಾ ಧನ್ಯವಾದ. ಸ್ಕ್ಯಾನರ್ ತಂದೆ. ಟರ್ಬೊ ನೋಡಿದೆ, ಅಕ್ಕಪಕ್ಕ ತೀರಾ ಸ್ವಲ್ಪ ಅಲ್ಲಾಡುತ್ತದೆ, ಹಿಂದೆ ಮುಂದೆ ಇಲ್ಲ. ರೆಕ್ಕೆ ಎಲ್ಲ ನೇರ ಇವೆ. ಏರ್ ಫಿಲ್ಟರ್ ಹೋದ ತಿಂಗಳು ಹೊಸದು ಹಾಕಿದ್ದು, ಡೀಸೆಲ್ ಫಿಲ್ಟರ್ 8 ಸಾವಿರ ಕಿಲೋಮೀಟರ್ ಹಿಂದೆ.

ಅಂಕಿ ಹೀಗಿವೆ. ಹಾಸನದಲ್ಲಿ ಮನೆ ಮುಂದೆ ಕೀ ಮಾತ್ರ ಆನ್ ಇದ್ದಾಗ ಮ್ಯಾಪ್ 90 ಕಿಲೋಪ್ಯಾಸ್ಕಲ್. ಅರ್ಧ ಲೋಡು ಹಾಕಿ ಊರ ಹೊರಗಿನ ಏರಿನಲ್ಲಿ ಮೂರನೇ ಗೇರು, ಪೂರ್ತಿ ಆಕ್ಸಿಲೇಟರ್, 2500 ಆರ್‌ಪಿಎಂ. ಮ್ಯಾಪ್ 128ರ ಮೇಲೆ ಹೋಗಲೇ ಇಲ್ಲ. ತಮ್ಮ ಪಕ್ಕದಲ್ಲಿ ಕೂತು ಮೂರು ಸಲ ನೋಡಿದ, ಮೂರು ಸಲವೂ 126ರಿಂದ 128. ರೈಲ್ ಪ್ರೆಷರ್ ಆಕ್ಸಿಲೇಟರ್ ಒತ್ತಿದ ಹಾಗೆ ಏರುತ್ತಾ ಹೋಗಿ 1200 ಬಾರ್ ದಾಟಿತು, ಮಧ್ಯೆ ಕುಸಿಯಲಿಲ್ಲ. ನನ್ನ ಸ್ನೇಹಿತನದು ಇದೇ ಮಾಡೆಲ್ ಗಾಡಿ, ಅದೇ ಏರು, ಅದೇ ಲೋಡು, ಅದರಲ್ಲಿ ಮ್ಯಾಪ್ 212 ಬಂತು.

90 ಅಂತ ತೋರಿಸಿದ್ದು ನೋಡಿ ಸೆನ್ಸರೇ ಕೆಟ್ಟಿದೆಯಾ ಅಂತ ಅನುಮಾನ ಬಂತು, 100 ಇರಬೇಕು ಅಂತ ಎಲ್ಲೋ ಓದಿದ್ದೆ.

ಮುಂಚೆ ಏನು ಕೆಲಸ ಅಂತ ಕೇಳಿದ್ದಿರಿ. ಜಾಸ್ತಿ ಏನಿಲ್ಲ, ಎರಡು ತಿಂಗಳ ಹಿಂದೆ ಬ್ಯಾಟರಿ ಚಾರ್ಜ್ ಆಗುತ್ತಿರಲಿಲ್ಲ, ಡೈನಮೋ ಬಿಚ್ಚಿ ರಿಪೇರಿ ಮಾಡಿಸಿದೆ. ಅಷ್ಟೇ.

ಮಡಿಕೇರಿ ಕಾಫಿ ತೋಟ:

ಸೆನ್ಸರ್ ಸರಿ ಇದೆ. ಮ್ಯಾಪ್ ಸೆನ್ಸರ್ ತೋರಿಸುವುದು ಸುತ್ತಲಿನ ಗಾಳಿಯ ಒತ್ತಡವನ್ನೂ ಸೇರಿಸಿ. ಸಮುದ್ರ ಮಟ್ಟದಲ್ಲಿ ಅದು 101, ಹಾಸನ ಸಮುದ್ರದಿಂದ 900 ಮೀಟರ್‌ಗಿಂತ ಮೇಲೆ ಇದೆ, ಅಲ್ಲಿ 90 ಬರಲೇಬೇಕು. ನಮ್ಮ ಮಡಿಕೇರಿಯಲ್ಲಿ 88 ಬರುತ್ತದೆ. ನೀವು ಮಂಗಳೂರಿಗೆ ಹೋದಾಗ ಕೀ ಆನ್ ಮಾಡಿ ನೋಡಿ, 100 ದಾಟಿರುತ್ತದೆ. ನಿಜವಾದ ಬೂಸ್ಟ್ ಬೇಕಾದರೆ ಓಡುವಾಗಿನ ಅಂಕಿಯಿಂದ ಆ 90 ಕಳೆಯಬೇಕು. ನಿಮ್ಮದು 38, ಸ್ನೇಹಿತರದು 122. ಮೂರನೇ ಒಂದು ಪಾಲೂ ಇಲ್ಲ.

ನಾನಾಗಿದ್ದರೆ ಮೊದಲು ಹೋಸ್ ಲೀಕ್ ನೋಡುತ್ತಿದ್ದೆ. ನನ್ನ ಗಾಡಿಯಲ್ಲಿ ಇಂಟರ್‌ಕೂಲರ್ ಕೆಳಗಿನ ಹೋಸ್ ಕ್ಲಾಂಪಿನ ಅಂಚಿನಲ್ಲಿ ಸೀಳಿತ್ತು. ಅದೂ ಅಡಿಭಾಗದಲ್ಲಿ, ಮೇಲಿನಿಂದ ಬಗ್ಗಿ ನೋಡಿದರೆ ಕಾಣುತ್ತಿರಲಿಲ್ಲ. ಸುಮ್ನೆ ನಿಂತಾಗ ಸೀಳು ಮುಚ್ಚಿಕೊಂಡಿರುತ್ತದೆ, ಒತ್ತಡ ಬಂದಾಗ ಬಾಯಿ ಬಿಡುತ್ತದೆ. ಮೂರು ಕಡೆ ತೋರಿಸಿದೆ, ಯಾರಿಗೂ ಸಿಗಲಿಲ್ಲ. ಕೊನೆಗೆ ಸೋಪಿನ ನೀರಿನಲ್ಲಿ ಸಿಕ್ಕಿತು.

ಪ್ಲಂಬಿಂಗ್ ಅಂಗಡಿಯಲ್ಲಿ ಪಿವಿಸಿ ಪೈಪಿನ ಎಂಡ್ ಕ್ಯಾಪ್ ಸಿಗುತ್ತದಲ್ಲ, ಟರ್ಬೊ ಬಾಯಿಯ ಹೋಸಿಗೆ ಸರಿ ಹೊಂದುವ ಅಳತೆಯದು ತಂದು, ನಡುವೆ ತೂತು ಕೊರೆದು ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿಕೊಂಡು, ಏರ್ ಫಿಲ್ಟರ್ ಕಡೆಯ ಹೋಸಿಗೆ ತುರುಕಿ ಕ್ಲಾಂಪ್ ಬಿಗಿದು ಗಾಳಿ ಬಿಡಬೇಕು. ಎಂಜಿನ್ ಕ್ರ್ಯಾಂಕ್‌ಕೇಸಿನಿಂದ ಬರುವ ಬ್ರೀದರ್ ಪೈಪು ಆ ಹೋಸಿಗೆ ಸೇರುತ್ತದೆ, ಅದನ್ನು ಬಿಚ್ಚಿ ಎರಡೂ ಕಡೆ ಬಾಯಿ ಮುಚ್ಚಿ, ಇಲ್ಲಾಂದ್ರೆ ಗಾಳಿ ಎಂಜಿನ್ ಒಳಗೆ ಹೋಗಿ ಆಯಿಲ್ ಸೀಲಿಗೆ ಏಟು. 10 ಪೌಂಡ್ ಸಾಕು, 12 ದಾಟಬೇಡಿ. ಕ್ಯಾಪಿನ ಎದುರು ಯಾರೂ ನಿಲ್ಲಬಾರದು, ಜಾರಿದರೆ ಗುಂಡಿನ ಹಾಗೆ ಹಾರುತ್ತದೆ. ಆಮೇಲೆ ಎಲ್ಲ ಜಾಯಿಂಟಿಗೂ ಸೋಪಿನ ನೀರು ಹಾಕಿ, ಗುಳ್ಳೆ ಬಂದ ಕಡೆ ಲೀಕ್. ಎಂಜಿನ್ ವಾಲ್ವುಗಳ ಮೂಲಕ ಸ್ವಲ್ಪ ಗಾಳಿ ನಿಧಾನವಾಗಿ ಇಳಿಯುವುದು ಸಹಜ, ಅದಕ್ಕೆ ಗಾಬರಿ ಬೇಡ.

ಆದರೆ ಒಂದು ವಿಷಯ ನನಗೆ ಹೊಂದುತ್ತಿಲ್ಲ. ನನ್ನ ಗಾಡಿಯಲ್ಲಿ ಹೋಸ್ ಸೀಳಿದಾಗ ಹೊಗೆ ಕಪ್ಪು ಅಂದರೆ ಕಪ್ಪು, ಹಿಂದಿನ ಗಾಡಿಯವರು ಹಾರ್ನ್ ಹೊಡೆಯುವಷ್ಟು. ಏರಿನಲ್ಲಿ ಸುಯ್ಯ್ ಅಂತ ಶಬ್ದವೂ ಇತ್ತು. ನಿಮ್ಮಲ್ಲಿ ಎರಡೂ ಇಲ್ಲ.

ಮಂಗಳೂರು ಪಾಲಿಟೆಕ್ನಿಕ್ ಟೀಚರ್:

ನಾನು ಆಟೊಮೊಬೈಲ್ ವಿಭಾಗದಲ್ಲಿ ಪಾಠ ಮಾಡುತ್ತೇನೆ. ಎಲ್ಲರೂ ಬೂಸ್ಟ್ ಬಗ್ಗೆ ಬರೆದಿದ್ದೀರಿ. ಹಾಸನದ ಅಣ್ಣ, ನಾನು ನಿಮ್ಮ ಬ್ರೇಕ್ ಬಗ್ಗೆ ಮಾತಾಡುತ್ತೇನೆ.

ಮೊದಲು ಇದನ್ನು ಕೇಳಿ. ಇವತ್ತು ರಾತ್ರಿ ಲೋಡು ಹಾಕಿಕೊಂಡು ಘಾಟಿ ಇಳಿಯಬೇಡಿ. ಪೆಡಲ್ ಗಟ್ಟಿ ಆಗುವುದು ಪ್ಯಾಡ್ ಸವೆದದ್ದಕ್ಕೆ ಅಲ್ಲ. ಕಾಲಿನ ಒತ್ತಿಗೆ ಬಲ ಕೂಡಿಸುವ ಬ್ರೇಕ್ ಬೂಸ್ಟರಿಗೆ ವ್ಯಾಕ್ಯೂಮ್ ಸಾಲದಿದ್ದರೆ ಪೆಡಲ್ ಗಟ್ಟಿ ಆಗುತ್ತದೆ. ಶಿರಾಡಿಯಲ್ಲಿ ಪದೇ ಪದೇ ಬ್ರೇಕ್ ಒತ್ತುತ್ತೀರಿ, ಪ್ರತಿ ಸಲ ಸ್ವಲ್ಪ ವ್ಯಾಕ್ಯೂಮ್ ಖರ್ಚಾಗುತ್ತದೆ, ಮತ್ತೆ ತುಂಬುವಷ್ಟು ಬಾರದೇ ಹೋದರೆ ಒಂದು ತಿರುವಿನಲ್ಲಿ ಪೆಡಲ್ ಕಲ್ಲಿನ ಹಾಗೆ ನಿಲ್ಲುತ್ತದೆ. ಒಂದು ದಿನದ ಬಾಡಿಗೆ ಹೋದರೆ ಹೋಗಲಿ.

ಈಗ ಸಂಬಂಧ ಹೇಳುತ್ತೇನೆ. ಪೆಟ್ರೋಲ್ ಎಂಜಿನ್ ಗಾಳಿ ಎಳೆಯುವಾಗ ತಾನೇ ವ್ಯಾಕ್ಯೂಮ್ ಹುಟ್ಟಿಸುತ್ತದೆ. ಡೀಸೆಲ್‌ನಲ್ಲಿ ಹಾಗಿಲ್ಲ, ಅದಕ್ಕೇ ಬೇರೆ ಪಂಪು ಇಟ್ಟಿರುತ್ತಾರೆ. ಎಷ್ಟೋ ಗಾಡಿಗಳಲ್ಲಿ ಆ ಪಂಪು ಡೈನಮೋದ ಬೆನ್ನಿಗೇ ಅಂಟಿಕೊಂಡಿರುತ್ತದೆ. ನೀವು ಎರಡು ತಿಂಗಳ ಹಿಂದೆ ಬಿಚ್ಚಿಸಿದ್ದು ಅದೇ ಡೈನಮೋ, ತೊಂದರೆ ಶುರುವಾಗಿದ್ದೂ ಆಗಲೇ. ಆ ಪಂಪಿನಿಂದ ಒಂದು ಪೈಪು ಬ್ರೇಕ್ ಬೂಸ್ಟರಿಗೆ ಹೋಗುತ್ತದೆ, ಇನ್ನೊಂದು ಕವಲು, ಕಂಪ್ಯೂಟರ್ ಹೇಳಿದಂತೆ ತೆರೆದು ಮುಚ್ಚುವ ಸಾಲಿನಾಯ್ಡ್ ವಾಲ್ವ್ ಮೂಲಕ ಟರ್ಬೊ ಆಕ್ಚುಯೇಟರಿಗೆ. ನಿಮ್ಮದು ವೇರಿಯಬಲ್ ಜಾಮಿಟ್ರಿ ಟರ್ಬೊ ಆಗಿದ್ದು ವ್ಯಾಕ್ಯೂಮಿನಲ್ಲಿ ನಡೆಯುವಂಥದ್ದಾದರೆ, ವ್ಯಾಕ್ಯೂಮ್ ಬಂದಾಗ ಒಳಗಿನ ಸಣ್ಣ ರೆಕ್ಕೆಗಳು ಮುಚ್ಚಿಕೊಂಡು ಹೊಗೆಯನ್ನು ಕಿರಿದಾದ ದಾರಿಯಲ್ಲಿ ರಭಸದಿಂದ ಬಿಡುತ್ತವೆ, ತೋಟದ ಪೈಪಿನ ಬಾಯಿಗೆ ಬೆರಳು ಅಡ್ಡ ಹಿಡಿದ ಹಾಗೆ. ವ್ಯಾಕ್ಯೂಮ್ ಇಲ್ಲದಿದ್ದರೆ ರೆಕ್ಕೆ ಪೂರ್ತಿ ತೆರೆದೇ ಇರುತ್ತವೆ. ಹೊಗೆ ಸುಮ್ನೆ ಹಾದು ಹೋಗುತ್ತದೆ, ಬೂಸ್ಟ್ ಬರುವುದಿಲ್ಲ. ಗಾಳಿ ಎಲ್ಲೂ ಸೋರದ ಕಾರಣ ಕಂಪ್ಯೂಟರಿಗೆ ಗಾಳಿ ಎಷ್ಟು ಕಡಿಮೆ ಅಂತ ಸರಿಯಾಗಿಯೇ ಗೊತ್ತಿರುತ್ತದೆ, ಅಷ್ಟಕ್ಕೇ ಡೀಸೆಲ್ ಕೊಡುತ್ತದೆ. ಹಾಗಾಗಿ ಕಪ್ಪು ಹೊಗೆ ಜಾಸ್ತಿ ಇಲ್ಲ. ಮಡಿಕೇರಿಯವರಿಗೆ ಹೊಂದದೆ ಉಳಿದದ್ದು ಇದೇ ಇರಬೇಕು.

ಯಾವ ಸಾಮಾನೂ ಇಲ್ಲದೆ ಈಗಲೇ ಒಂದು ಪರೀಕ್ಷೆ ಮಾಡಿ. ಎಂಜಿನ್ ಆಫ್ ಇರಲಿ, ಹ್ಯಾಂಡ್ ಬ್ರೇಕ್ ಹಾಕಿ. ಬ್ರೇಕ್ ಪೆಡಲ್ ನಾಲ್ಕೈದು ಸಲ ಒತ್ತಿ ಬಿಡಿ, ಗಟ್ಟಿ ಆಗುತ್ತದೆ. ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿ. ವ್ಯಾಕ್ಯೂಮ್ ಸರಿ ಇದ್ದರೆ ಪೆಡಲ್ ಕಾಲಡಿಯಲ್ಲಿ ತಾನಾಗಿ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಅಥವಾ ತುಂಬಾ ತಡವಾಗಿ ಇಳಿದರೆ ದಾರಿ ಸಿಕ್ಕಿತು ಅಂತ ತಿಳಿಯಿರಿ.

ಹುಬ್ಬಳ್ಳಿ ಡೀಸೆಲ್ ಮೇಸ್ತ್ರಿ:

ಟೀಚರ್ ಅವರೇ, ನೂರಕ್ಕೆ ನೂರು. ಡೈನಮೋ ಅಂದ ಕೂಡಲೇ ನನಗೂ ಅಲ್ಲೇ ಮನಸ್ಸು ಹೋಯಿತು, ಬ್ರೇಕಿನ ಮಾತು ನಾನು ಓದಿಯೂ ಬಿಟ್ಟಿದ್ದೆ, ಅದು ದೊಡ್ಡ ತಪ್ಪು.

ಹಾಸನದವರೇ, ಇನ್ನು ಹುಡುಕುವುದು ಸುಲಭ. ಎಂಜಿನ್ ತಣ್ಣಗಿರುವಾಗ ಟರ್ಬೊ ಪಕ್ಕದಲ್ಲಿ ತಟ್ಟೆಯಂಥ ಡಬ್ಬಿ ಹುಡುಕಿ, ಅದೇ ಆಕ್ಚುಯೇಟರ್, ಅದರಿಂದ ಒಂದು ಕಡ್ಡಿ ಬಂದು ಟರ್ಬೊದ ಸಣ್ಣ ಲಿವರಿಗೆ ಸೇರಿರುತ್ತದೆ. ಒಬ್ಬರು ಸ್ಟಾರ್ಟ್ ಮಾಡಲಿ, ನೀವು ಕಡ್ಡಿ ನೋಡಿ. ಫ್ಯಾನ್ ಬೆಲ್ಟಿನಿಂದ ಕೈ, ಅಂಗಿ ತೋಳು ದೂರ ಇರಲಿ. ಸ್ಟಾರ್ಟ್ ಆದ ಕೂಡಲೇ ಕಡ್ಡಿ ಚಟ್ ಅಂತ ಪೂರ್ತಿ ಎಳೆದುಕೊಳ್ಳಬೇಕು, ಆಫ್ ಮಾಡಿದ ಮೇಲೆ ವಾಪಸ್ ಬರಬೇಕು. ಅರ್ಧಕ್ಕೆ ನಿಂತರೆ ಅಥವಾ ಅಲ್ಲಾಡದಿದ್ದರೆ ಮುಂದಿನ ಕೆಲಸ.

ಕೈಯಲ್ಲಿ ಒತ್ತುವ ವ್ಯಾಕ್ಯೂಮ್ ಪಂಪು, ಗೇಜ್ ಇರುವಂಥದ್ದು, ಎಸಿ ಅಥವಾ ಬ್ರೇಕ್ ಕೆಲಸ ಮಾಡುವವರ ಹತ್ತಿರ ಇರುತ್ತದೆ. ಡಬ್ಬಿಯ ಪೈಪು ಕಿತ್ತು ಆ ಪಂಪು ಹಾಕಿ ಎಳೆಯಿರಿ. ಕಡ್ಡಿ ತಡೆಯಿಲ್ಲದೆ ಎಳೆದುಕೊಂಡು, ಮುಳ್ಳು ಒಂದು ನಿಮಿಷ ಇಳಿಯದೆ ನಿಂತರೆ ಡಬ್ಬಿಯೂ ಸರಿ, ಟರ್ಬೊ ರೆಕ್ಕೆಯೂ ಮಸಿ ಹಿಡಿದು ಅಂಟಿಲ್ಲ. ಆಮೇಲೆ ಗೇಜನ್ನು ಡೈನಮೋ ಹಿಂದಿನ ಪಂಪಿನ ಬಾಯಿಗೇ ಹಾಕಿ ಐಡಲ್‌ನಲ್ಲಿ ನೋಡಿ, ನಂತರ ಪೈಪು ಕವಲೊಡೆಯುವ ಟೀ ಜಾಯಿಂಟ್ ದಾಟಿ, ನಂತರ ಸಾಲಿನಾಯ್ಡ್ ದಾಟಿ. ಎಲ್ಲಿ ಮುಳ್ಳು ಬೀಳುತ್ತದೋ ಅದರ ಹಿಂದಿನ ತುಂಡಿನಲ್ಲೇ ಕಾಯಿಲೆ. ಹಾಸನದ ಎತ್ತರಕ್ಕೆ ಪಂಪಿನ ಬಾಯಲ್ಲಿ ಪಾದರಸದ ಲೆಕ್ಕದ 24 ಇಂಚು ಬಂದರೆ ಪಂಪು ಚೆನ್ನಾಗಿದೆ ಅಂತ ಅರ್ಥ. ಯಾರಾದರೂ 27, 28 ಬರಬೇಕು ಅಂದರೆ ನಂಬಬೇಡಿ, ಅಲ್ಲಿನ ಗಾಳಿಯಲ್ಲೇ ಇರುವುದು ಸುಮಾರು 26 ಇಂಚಿನಷ್ಟು ಒತ್ತಡ, ಇದ್ದದ್ದಕ್ಕಿಂತ ಜಾಸ್ತಿ ಎಳೆಯಲು ಯಾವ ಪಂಪಿಗೂ ಆಗದು.

ಸಾಲಿನಾಯ್ಡಿಗೆ ಒಂದು ಸಣ್ಣ ಸ್ಪಂಜಿನ ಫಿಲ್ಟರ್ ಇರುತ್ತದೆ, ಅದನ್ನೂ ನೋಡಿ.

ಹಾಸನ ಲೋಡು:

ಸಿಕ್ಕಿತು!

ಟೀಚರ್ ಅಕ್ಕ ಹೇಳಿದ ಮೇಲೆ ರಾತ್ರಿ ಬಾಡಿಗೆ ಬಿಟ್ಟೆ, ನನ್ನ ಸ್ನೇಹಿತನ ಗಾಡಿಗೆ ಲೋಡು ಬದಲಾಯಿಸಿದೆ. ಪೆಡಲ್ ಪರೀಕ್ಷೆ ಮಾಡಿದರೆ ಸ್ಟಾರ್ಟ್ ಆಗಿ ಹತ್ತು ಹನ್ನೆರಡು ಸೆಕೆಂಡ್ ಆದಮೇಲೆ ನಿಧಾನಕ್ಕೆ ಇಳಿಯಿತು. ಸ್ನೇಹಿತನ ಗಾಡಿಯಲ್ಲಿ ಸ್ಟಾರ್ಟ್ ಆಗುತ್ತಿದ್ದ ಹಾಗೇ ಇಳಿಯುತ್ತದೆ. ಇಷ್ಟು ದಿನ ಆ ಬ್ರೇಕಿನಲ್ಲಿ ಘಾಟಿ ಇಳಿದಿದ್ದೇನೆ ಅಂತ ನೆನೆಸಿಕೊಂಡರೆ ಹೊಟ್ಟೆಯೊಳಗೆ ಒಂಥರಾ ಆಗುತ್ತದೆ.

ಬೆಳಿಗ್ಗೆ ಕಡ್ಡಿ ನೋಡಿದೆವು, ಸ್ಟಾರ್ಟ್ ಮಾಡಿದಾಗ ಕಾಲು ಭಾಗ ಮಾತ್ರ ಎಳೆದುಕೊಂಡು ನಿಂತಿತು. ಎಸಿ ರಿಪೇರಿಯವರ ಹತ್ತಿರ ಕೈ ಪಂಪು ತಂದು ಡಬ್ಬಿಗೆ ಹಾಕಿದೆವು, ಕಡ್ಡಿ ಸಲೀಸಾಗಿ ಪೂರ್ತಿ ಬಂತು, ಮುಳ್ಳು ಇಳಿಯಲಿಲ್ಲ. ಡೈನಮೋ ಹಿಂದಿನ ಪಂಪಿನ ಬಾಯಲ್ಲಿ 24 ಇಂಚು. ಟೀ ಜಾಯಿಂಟ್ ದಾಟಿ ನೋಡಿದರೆ 11. ಅಲ್ಲೇ ಕೂತೆವು.

ಡೈನಮೋ ಕೆಲಸ ಮಾಡಿದವರು ಆ ಟೀ ಕಡೆಯ ರಬ್ಬರ್ ಪೈಪು ಕಿತ್ತು ವಾಪಸ್ ಹಾಕುವಾಗ ಕ್ಲಿಪ್ ಕಳೆದು ಹೋಗಿ ಬೈಂಡಿಂಗ್ ವೈರ್ ಸುತ್ತಿ ಬಿಗಿದಿದ್ದಾರೆ. ವೈರ್ ರಬ್ಬರನ್ನು ಕತ್ತರಿಸಿಕೊಂಡು ಒಳಗೆ ಇಳಿದಿತ್ತು. ಮೇಲೆ ಮಸಿ, ಆಯಿಲ್ ಅಂಟಿ ಏನೂ ಕಾಣುತ್ತಿರಲಿಲ್ಲ, ಬಟ್ಟೆಯಲ್ಲಿ ಒರೆಸಿ ಬಗ್ಗಿಸಿದಾಗ ಅರ್ಧ ಸುತ್ತು ಬಾಯಿ ಬಿಟ್ಟಿತು. ಹೊಸ ವ್ಯಾಕ್ಯೂಮ್ ಪೈಪು ಅರ್ಧ ಮೀಟರ್, ಒಂದು ಟೀ, ಮೂರು ಕ್ಲಿಪ್. ಒಟ್ಟು 210 ರೂಪಾಯಿ. ಸಾಲಿನಾಯ್ಡಿನ ಸ್ಪಂಜು ಧೂಳು ತುಂಬಿ ಗಟ್ಟಿಯಾಗಿತ್ತು, ಅದನ್ನೂ ಸ್ವಚ್ಛ ಮಾಡಿದೆ.

ಅದೇ ಏರು, ಅದೇ ಅರ್ಧ ಲೋಡು, ಮೂರನೇ ಗೇರು. ತಮ್ಮ ಪಕ್ಕದಲ್ಲಿ ಜೋರಾಗಿ ಓದುತ್ತಾ ಹೋದ, 150, 180, 205, 209. ಆ ಎಳೆತ ವಾಪಸ್ ಬಂದಿದೆ. ಬ್ರೇಕ್ ಕೂಡ ಬೆಣ್ಣೆ ಹಾಗೆ.

ಒಂದು ಪ್ರಶ್ನೆ ಉಳಿಯಿತು. ಸ್ನೇಹಿತನದು 212, ನನ್ನದು 209. ಇದಕ್ಕೆ ಏನಾದರೂ ಮಾಡಬೇಕಾ?

ಹುಬ್ಬಳ್ಳಿ ಡೀಸೆಲ್ ಮೇಸ್ತ್ರಿ:

3 ಕಿಲೋಪ್ಯಾಸ್ಕಲ್ ಏನೂ ಅಲ್ಲ, ಟೈರ್ ಗಾಳಿ, ಲೋಡಿನ ಲೆಕ್ಕದಲ್ಲೇ ಅಷ್ಟು ವ್ಯತ್ಯಾಸ ಬರುತ್ತದೆ. ಹಾಗೇ ಬಿಡಿ. ಹಳೇ ಕೋಡ್ ಸ್ಕ್ಯಾನರಿನಲ್ಲಿ ಅಳಿಸಿ, ನಾಲ್ಕು ಟ್ರಿಪ್ ಆದಮೇಲೆ ಮತ್ತೆ ನೋಡಿ. ಟರ್ಬೊ ಬೆಲೆ ಹೇಳಿದವರ ಹತ್ತಿರ ಜಗಳ ಬೇಡ, ಅಂಕಿ ತೋರಿಸಿ ಬನ್ನಿ, ಅವರೂ ಮುಂದಿನ ಗಾಡಿಗೆ ನೋಡಲಿ. ಮತ್ತೆ ಘಾಟಿ ಹತ್ತಿ ಮೇಲೆ ಬಂದು ನಿಲ್ಲಿಸುವಾಗ ಕೂಡಲೇ ಆಫ್ ಮಾಡಬೇಡಿ, ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ. ಅಷ್ಟು ಬಿಸಿಯಲ್ಲಿ ಆಯಿಲ್ ಹರಿಯುವುದು ನಿಂತರೆ ಟರ್ಬೊ ಬೇರಿಂಗಿನಲ್ಲಿ ಸುಟ್ಟು ಕಲ್ಲಿದ್ದಲಾಗುತ್ತದೆ.

ಮಂಗಳೂರು ಪಾಲಿಟೆಕ್ನಿಕ್ ಟೀಚರ್:

ತುಂಬಾ ಸಂತೋಷ ಆಯಿತು. ಇದನ್ನು ಓದುವ ಬೇರೆಯವರಿಗೆ ಒಂದು ಮಾತು, 2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಗಳಲ್ಲಿ ಹಲವು ಕಡೆ ಆಕ್ಚುಯೇಟರ್ ಎಲೆಕ್ಟ್ರಿಕ್ ಇರುತ್ತದೆ, ವ್ಯಾಕ್ಯೂಮ್ ಪೈಪೇ ಇರುವುದಿಲ್ಲ, ಅಲ್ಲಿ ವೈರಿಂಗ್ ಮತ್ತು ಮೋಟರ್ ನೋಡಬೇಕು. ಸೈಲೆನ್ಸರ್ ಕಡೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇದ್ದರೆ ಅದರಲ್ಲಿ ಮಸಿ ಕಟ್ಟಿರುವುದೂ ಬೂಸ್ಟ್ ಇಳಿಸುತ್ತದೆ.

ಅಣ್ಣ, ಆ ಕತ್ತರಿಸಿ ಹೋದ ಹಳೇ ಪೈಪು ಎಸೆದಿಲ್ಲ ತಾನೇ? ಮಂಗಳೂರಿಗೆ ಬಂದಾಗ ತಂದುಕೊಡಿ, ಕ್ಲಾಸಿನಲ್ಲಿ ಹುಡುಗರ ಕೈಗೆ ಕೊಡುತ್ತೇನೆ.

ಹಾಸನ ಲೋಡು:

ಡ್ಯಾಶ್‌ಬೋರ್ಡ್ ಮೇಲೇ ಇದೆ ಅಕ್ಕ. ಗುರುವಾರ ದಕ್ಕೆಗೆ ಬರುತ್ತೇನೆ, ವೈರ್ ಸಮೇತ ತರುತ್ತೇನೆ.